ಕುದುರೆಯೂ ತಾನೇ, ಸವಾರನೂ ತಾನೇ

ಮಕ್ಕಳೇ, ಕೂಟದ ನಾಟಕಗಳಲ್ಲಿ ನಿಮ್ಮಲ್ಲಿ ಎಷ್ಟೋ ಜನ ಬಣ್ಣ ಹಚ್ಚಿದವರು. ಅದಕ್ಕೇ ಈ ಸಲ ನಿಮಗೆ ಒಬ್ಬ ಫ್ರೆಂಚ್ ನಟರ ಕಥೆ ಹೇಳುತ್ತೇನೆ. ಅವರ ಹೆಸರು ಝಾನ್-ಲೂಯಿ ಬರ್ರೋ. ಬಾಯಿ ತೆರೆಯದೆ, ಬರೀ ಮೈಯಿಂದಲೇ ಕಥೆ ಹೇಳಬಲ್ಲವರಾಗಿದ್ದರು.

ಹುಟ್ಟಿದ್ದು 1910ರಲ್ಲಿ, ಪ್ಯಾರಿಸ್ ಪಕ್ಕದ ಲೆ ವೆಸಿನೇ ಎಂಬ ಊರಿನಲ್ಲಿ. ಔಷಧದ ಅಂಗಡಿ ನಡೆಸುತ್ತಿದ್ದ ತಂದೆ, ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಹುಡುಗನಿಗೆ ನಾಟಕದ ಹುಚ್ಚು. ಶಾರ್ಲ್ ದ್ಯುಲ್ಲಾನ್ ಎಂಬ ದೊಡ್ಡ ನಟರಿಗೆ ಪತ್ರ ಬರೆದ, ಅವರ ಅಟೆಲಿಯೇ ರಂಗಶಾಲೆಗೆ ಸೇರಿಕೊಂಡ. ಇಪ್ಪತ್ತೊಂದು ತುಂಬಿದ ದಿನವೇ, 1931ರ ಸೆಪ್ಟೆಂಬರ್ 8ರಂದು, 'ವೊಲ್ಪೋನೆ' ನಾಟಕದಲ್ಲಿ ಆಳಿನ ಸಣ್ಣ ಪಾತ್ರದಲ್ಲಿ ರಂಗಕ್ಕೆ ಬಂದ. ಬಾಡಿಗೆಗೆ ದುಡ್ಡಿಲ್ಲದ ಆ ದಿನಗಳಲ್ಲಿ, ಆಟ ಮುಗಿದು ಜನರೆಲ್ಲ ಮನೆಗೆ ಹೋದಮೇಲೆ, ರಂಗದ ಮೇಲಿದ್ದ ವೊಲ್ಪೋನೆಯ ಮಂಚದಲ್ಲೇ ಮಲಗಿದ್ದುಂಟು.

ಅಲ್ಲಿಯೇ ಎತಿಯೆನ್ ದೆಕ್ರೂ ಎಂಬ ಗೆಳೆಯ ಸಿಕ್ಕಿದರು. ಮಾತಿಗೆ ಕೊಡುವಷ್ಟೇ ಶಿಸ್ತನ್ನು ನಟ ತನ್ನ ಮೈಗೂ ಕೊಡಬೇಕು ಎಂದು ನಂಬಿದವರು ಅವರು. ಇಬ್ಬರೂ ಸೇರಿ ಗಂಟೆಗಟ್ಟಲೆ ನಡಿಗೆಯೊಂದನ್ನೇ ಅಭ್ಯಾಸ ಮಾಡುತ್ತಿದ್ದರು, ನಿಂತ ಜಾಗ ಬಿಟ್ಟು ಕದಲದೆ! ಆ ದುಡಿಮೆಯ ಫಲ 1935ರಲ್ಲಿ ಕಂಡಿತು. ಅಮೆರಿಕದ ಲೇಖಕ ವಿಲಿಯಂ ಫಾಕ್ನರ್ ಅವರ ಕಾದಂಬರಿಯೊಂದನ್ನು ಝಾನ್-ಲೂಯಿ ರಂಗಕ್ಕೆ ತಂದರು. ಅದರಲ್ಲಿ ಒಬ್ಬ ಯುವಕ ಕಾಡುಕುದುರೆಯನ್ನು ಪಳಗಿಸುವ ದೃಶ್ಯವಿತ್ತು. ರಂಗದ ಮೇಲೆ ಕುದುರೆಯೂ ಅವರೇ, ಸವಾರನೂ ಅವರೇ. ಕೆನೆಯುವುದು, ಒದೆಯುವುದು, ಲಗಾಮು ಬಿಗಿಹಿಡಿಯುವುದು, ಎಲ್ಲವೂ ಒಂದೇ ಮೈಯಲ್ಲಿ. ನೀವು ಒಮ್ಮೆ ಮಾಡಿ ನೋಡಿ, ಎಷ್ಟು ಕಷ್ಟವೆಂದು ಗೊತ್ತಾಗುತ್ತದೆ.

ಇನ್ನು ಸಿನಿಮಾ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಜರ್ಮನ್ನರ ಕೈಯಲ್ಲಿದ್ದಾಗ, 1943ರಲ್ಲಿ, ಮಾರ್ಸೆಲ್ ಕಾರ್ನೆ 'ಲೆಝಾಂಫಾಂ ದ್ಯು ಪಾರಾದಿ' ಚಿತ್ರವನ್ನು ಶುರು ಮಾಡಿದರು. ಸೆಟ್ ವಿನ್ಯಾಸ ಮಾಡಿದ ಟ್ರೌನರ್, ಸಂಗೀತ ಕೊಟ್ಟ ಕೋಸ್ಮಾ, ಇಬ್ಬರೂ ಯಹೂದಿಗಳು. ಹೆಸರು ಹೊರಗೆ ಬಂದರೆ ಜೀವಕ್ಕೇ ಅಪಾಯ. ತಲೆಮರೆಸಿಕೊಂಡೇ ಕೆಲಸ ಮಾಡಿದರು. ಪ್ಯಾರಿಸ್ ಬಿಡುಗಡೆಯಾದ ಮೇಲೆ, 1945ರ ಮಾರ್ಚ್‌ನಲ್ಲಿ, ಚಿತ್ರ ತೆರೆಕಂಡಿತು.

ಇದರಲ್ಲಿ ಝಾನ್-ಲೂಯಿ ಅವರದು ಬಾಪ್ತಿಸ್ತ್ ಎಂಬ ಮೂಕಾಭಿನಯ ಕಲಾವಿದನ ಪಾತ್ರ. ಚಿತ್ರಕ್ಕೂ ಸುಮಾರು ನೂರು ವರ್ಷ ಹಿಂದೆ ಪ್ಯಾರಿಸ್ಸಿನಲ್ಲಿ ನಿಜವಾಗಿ ಇದ್ದ ದೆಬ್ಯುರೋ ಎಂಬ ಕಲಾವಿದನೇ ಈ ಪಾತ್ರಕ್ಕೆ ಮೂಲ. ಒಂದು ದೃಶ್ಯ ಹೇಳುತ್ತೇನೆ. ಜಾತ್ರೆಯಂತೆ ಜನ ನೆರೆದ ಬೀದಿ. ನಾಟಕಮಂದಿರದ ಹೊರಗಿನ ಅಟ್ಟದ ಮೇಲೆ, ಮುಖಕ್ಕೆ ಬಿಳಿ ಬಳಿದುಕೊಂಡ ಬಾಪ್ತಿಸ್ತ್ ಪೆದ್ದನ ಹಾಗೆ ಕೂತಿದ್ದಾನೆ. ಕೆಳಗೆ ಒಬ್ಬ ದಪ್ಪ ಮನುಷ್ಯನ ಗಡಿಯಾರ ಕಳುವಾಗುತ್ತದೆ. ಕಳ್ಳ ಜಾರಿಕೊಂಡ. ಪಕ್ಕದಲ್ಲಿದ್ದ ಪಾಪದ ಹೆಂಗಸು ಗರಾಂಸ್ ಸಿಕ್ಕಿಬಿದ್ದಳು. ನೋಡಿದವರು ಯಾರಾದರೂ ಇದ್ದಾರಾ ಅಂದರೆ, ಎಲ್ಲವನ್ನೂ ನೋಡಿದ್ದವನು ಬಾಪ್ತಿಸ್ತ್! ಅವನು ಅಟ್ಟದ ಮೇಲೇ ಅಭಿನಯಿಸಿ ತೋರಿಸುತ್ತಾನೆ. ಹೊಟ್ಟೆ ಮುಂದೆ ಮಾಡಿದರೆ ದಪ್ಪ ಮನುಷ್ಯ, ಸೊಂಟ ಬಳುಕಿಸಿದರೆ ಗರಾಂಸ್, ಬೆರಳುಗಳು ಮೆಲ್ಲಗೆ ಹರಿದರೆ ಕಳ್ಳ. ಜನ ಬಿದ್ದುಬಿದ್ದು ನಗುತ್ತಾರೆ, ಪೊಲೀಸನಿಗೂ ನಿಜ ತಿಳಿಯುತ್ತದೆ. ಬಿಡುಗಡೆಯಾದ ಗರಾಂಸ್ ಅವನತ್ತ ಒಂದು ಹೂವು ಎಸೆಯುತ್ತಾಳೆ. ಒಬ್ಬ ನಟ ಏನು ಮಾಡಬಲ್ಲ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ದೃಶ್ಯವನ್ನೇ.

ಆದರೂ ಅವರ ಮನಸ್ಸು ಪೂರ್ತಿ ಇದ್ದದ್ದು ರಂಗಭೂಮಿಯಲ್ಲಿ. ಹೆಂಡತಿ ಮಾದ್ಲೆನ್ ರೆನೋ ಕೂಡ ಹೆಸರಾಂತ ನಟಿ. 1946ರಲ್ಲಿ ಇಬ್ಬರೂ ಸೇರಿ ತಮ್ಮದೇ ತಂಡ ಕಟ್ಟಿದರು. ಮುಂದೆ ಜಗತ್ತೆಲ್ಲ ಮೆಚ್ಚಿದ ಮೂಕಾಭಿನಯ ಕಲಾವಿದ ಮಾರ್ಸೆಲ್ ಮಾರ್ಸೋ ಯುವಕನಾಗಿದ್ದಾಗ ಪಾತ್ರ ಮಾಡಿದ್ದು ಈ ತಂಡದಲ್ಲೇ. 1959ರಲ್ಲಿ ಸರ್ಕಾರ ಝಾನ್-ಲೂಯಿ ಅವರಿಗೆ ಒದೆಯೋನ್ ರಂಗಮಂದಿರ ವಹಿಸಿತು.

1968ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳು ದಂಗೆ ಎದ್ದು ಅದೇ ಒದೆಯೋನ್‌ಗೆ ನುಗ್ಗಿದರು. ಝಾನ್-ಲೂಯಿ ವಿದ್ಯಾರ್ಥಿಗಳ ಮೇಲೆ ಕೈಮಾಡದೆ, ಅವರ ಜೊತೆ ಮಾತಿಗೆ ನಿಂತರು. ಅದು ಸರ್ಕಾರಕ್ಕೆ ಸರಿಬರಲಿಲ್ಲ. ಕೆಲಸದಿಂದ ತೆಗೆದುಹಾಕಿತು. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೆ ಅವರು ಗೊಣಗುತ್ತ ಕೂರಲಿಲ್ಲ. ಅದೇ ವರ್ಷದ ಕೊನೆಗೆ ಕುಸ್ತಿ ನಡೆಯುತ್ತಿದ್ದ ಸಭಾಂಗಣವೊಂದರಲ್ಲಿ 'ರಾಬ್ಲೇ' ನಾಟಕ ಆಡಿಸಿದರು, ಜನ ಮುಗಿಬಿದ್ದರು. ಆಮೇಲೆ ಬಳಕೆ ತಪ್ಪಿದ್ದ ಓರ್ಸೇ ರೈಲು ನಿಲ್ದಾಣದೊಳಗೆ ಮರದ ರಂಗಮಂದಿರ ಎಬ್ಬಿಸಿದರು. ನಿಲ್ದಾಣ ಮ್ಯೂಸಿಯಂ ಆಗುವುದೆಂದು ತೀರ್ಮಾನವಾದಾಗ ಆ ಮರವನ್ನೆಲ್ಲ ಬಿಚ್ಚಿಕೊಂಡು, 1981ರಲ್ಲಿ ಹಿಂದೆ ಜನ ಮಂಜುಗಡ್ಡೆಯ ಮೇಲೆ ಜಾರಾಡುತ್ತಿದ್ದ ಹಳೆಯ ಕಟ್ಟಡವೊಂದರಲ್ಲಿ ಮತ್ತೆ ಜೋಡಿಸಿದರು. ಅದು ಇಂದಿನ ರೋಂ-ಪ್ವಾಂ ರಂಗಮಂದಿರ, ಈಗಲೂ ಅಲ್ಲಿ ನಾಟಕ ನಡೆಯುತ್ತದೆ.

1994ರ ಜನವರಿಯಲ್ಲಿ ಝಾನ್-ಲೂಯಿ ತೀರಿಕೊಂಡರು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಾದ್ಲೆನ್. ಬಾಪ್ತಿಸ್ತ್ ಬರುವ ಆ ಚಿತ್ರ ಮೂರು ಗಂಟೆಗೂ ಉದ್ದ, ದೊಡ್ಡವರಿಗಾಗಿ ಮಾಡಿದ್ದು. ಗಡಿಯಾರದ ದೃಶ್ಯ ಶುರುವಿನ ಭಾಗದಲ್ಲೇ ಬರುತ್ತದೆ. ಅದಷ್ಟನ್ನು ಅಪ್ಪ ಅಮ್ಮನ ಜೊತೆ ಕೂತು ನೋಡಿ. ಮುಂದಿನ ನಾಟಕದ ತಾಲೀಮಿಗೆ ಬರುವಾಗ ನಿಮ್ಮ ಕುದುರೆಯನ್ನೂ ಕರೆತನ್ನಿ.