ಹಂಗಿಲ್ಲದೆ ನಿಲ್ಲುವುದನ್ನು ಕಲಿಸಿದ ಕಮಲಾದೇವಿ

ಮಹಿಳಾ ಮಂಡಳಿಯ ಸಭೆಯಲ್ಲಿ ಈ ವರ್ಷ ಕಾರ್ಯದರ್ಶಿ ಯಾರಾಗ್ತೀರಿ ಅಂತ ಕೇಳಿ ನೋಡಿ. ಅಲ್ಲಿಯವರೆಗೆ ಗಲಗಲ ಅಂತಿದ್ದ ಹಾಲ್ ಒಮ್ಮೆಲೇ ತಣ್ಣಗಾಗುತ್ತದೆ. ಒಬ್ಬರಿಗೆ ಮಕ್ಕಳ ಪರೀಕ್ಷೆ, ಇನ್ನೊಬ್ಬರ ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ, ಮತ್ತೊಬ್ಬರಿಗೆ ನಾಲ್ಕು ಜನರ ಮುಂದೆ ಮಾತಾಡೋಕೆ ಬರೋದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರದೂ ಇದೇ ಕತೆ. ಮೀಟಿಂಗ್‌ನಲ್ಲಿ ಬಾಯಿ ಬಿಡೋದಿಲ್ಲ. ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುವಾಗ ಹೇಳಬೇಕಾಗಿದ್ದ ಮಾತೆಲ್ಲ ಸಾಲಾಗಿ ನೆನಪಾಗುತ್ತದೆ! ಮುಂದಾಳ್ತನ ಅನ್ನೋದು ಹುಟ್ಟಿನಿಂದಲೇ ಬರಬೇಕು, ಅದಕ್ಕೆ ಹಣ, ಅಧಿಕಾರ, ಬೆನ್ನಿಗೆ ಗಂಡಸರು ಎಲ್ಲ ಇರಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ.

ಈ ನಂಬಿಕೆ ಎಷ್ಟು ಸುಳ್ಳು ಅಂತ ತಿಳಿಯಬೇಕಾದರೆ ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಬದುಕನ್ನು ನೋಡಬೇಕು. ಹೆಸರು ಕೇಳಿ ಬಂಗಾಳದವರು ಅಂದುಕೊಳ್ಳುವವರೇ ಹೆಚ್ಚು. ಆದರೆ ಅವರು ನಮ್ಮ ಮಂಗಳೂರಿನ ಹೆಣ್ಣುಮಗಳು. 1903ರ ಏಪ್ರಿಲ್ 3ರಂದು ಸಾರಸ್ವತ ಕುಟುಂಬವೊಂದರಲ್ಲಿ ಹುಟ್ಟಿದವರು. ದೆಹಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂಗೆ ಹೋಗಿ ಕರಕುಶಲ ವಸ್ತು ತಂದವರಿಗೆಲ್ಲ ಅವರ ಋಣವಿದೆ ಎಂದರೆ ತಪ್ಪಾಗಲಾರದು.

ತಾಯಿಯಿಂದ ಬಂದ ಮೊದಲ ಪಾಠ

ತಂದೆ ಅನಂತಯ್ಯ ಧಾರೇಶ್ವರ ದೊಡ್ಡ ಸರ್ಕಾರಿ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿ ಓದು ಬರಹ ಬಲ್ಲವರು, ದೇಶದ ವಿದ್ಯಮಾನ ತಿಳಿದವರು. ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಮಗಳಿಗೆ ಉಳಿದದ್ದು ತಿಂಗಳಿಗಿಷ್ಟು ಅಂತ ಜೀವನಾಂಶ ಮಾತ್ರ.

ಗಿರಿಜಾಬಾಯಿ ಏನು ಮಾಡಿದರು ಗೊತ್ತೇ? ಆ ಹಣ ಬೇಡವೆಂದು ಬಿಟ್ಟರು. ತವರಿನಿಂದ ತಮಗೆ ಬಂದಿದ್ದ ಆಸ್ತಿಯಲ್ಲೇ ಮಗಳನ್ನು ಬೆಳೆಸುತ್ತೇನೆ ಎಂದು ನಿಂತರು. ಹೆಂಗಸಿಗೆ ಆಸ್ತಿಯ ಹಕ್ಕು ತೀರಾ ಕಡಿಮೆ ಇದ್ದ ಕಾಲದಲ್ಲಿ ಎಷ್ಟು ದೊಡ್ಡ ನಿರ್ಧಾರ ಯೋಚಿಸಿ. ಅಮ್ಮ ಹಂಗಿನ ಹಣ ಬೇಡವೆಂದದ್ದನ್ನು ಪುಟ್ಟ ಹುಡುಗಿ ಕಣ್ಣಾರೆ ಕಂಡಳು. ಮುಂದೆ ಎಂಬತ್ತು ವರ್ಷ ದಾಟುವವರೆಗೂ ಅವರು ಮಾಡಿದ ಕೆಲಸಗಳಲ್ಲೆಲ್ಲ ಈ ಒಂದು ಎಳೆ ಹಾದುಹೋಗಿದೆ. ಯಾರೂ ಯಾರ ಹಂಗಿನಲ್ಲೂ ಬದುಕಬಾರದು, ಪ್ರತಿಯೊಬ್ಬರೂ ತಮ್ಮ ಕೈಕೆಲಸದ ಮೇಲೆ ತಲೆಯೆತ್ತಿ ನಿಲ್ಲಬೇಕು ಎನ್ನುವುದೇ ಆ ಎಳೆ.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. 1917ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ ಮದುವೆಯಾಯಿತು. ಎರಡೇ ವರ್ಷದಲ್ಲಿ ಗಂಡ ತೀರಿಕೊಂಡರು. ಆಗಿನ ಸಂಪ್ರದಾಯಸ್ಥ ಮನೆಗಳಲ್ಲಿ ಬಾಲವಿಧವೆಯ ಪಾಲಿಗೆ ಇದ್ದದ್ದು ಮೂಲೆ ಮಾತ್ರ. ಆದರೆ ಕಮಲಾದೇವಿ ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಹೋದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಮದುವೆಯಾದರು. ಜನ ಆಡಿಕೊಂಡರು, ಇವರು ಕಿವಿಗೊಡಲಿಲ್ಲ. ಲಂಡನ್ನಿಗೆ ಹೋಗಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಸ್ವಾತಂತ್ರ್ಯ ಚಳವಳಿಯ ಕರೆಗೆ ಓಗೊಟ್ಟು ತಾಯ್ನಾಡಿಗೆ ಮರಳಿದರು.

ಸೋತರೂ ಸುಮ್ಮನೆ ಕೂರಲಿಲ್ಲ

1926ರಲ್ಲಿ ಮದ್ರಾಸ್ ಪ್ರಾಂತದ ಶಾಸನ ಸಭೆಗೆ ಹೆಂಗಸರೂ ಸ್ಪರ್ಧಿಸಬಹುದು ಎಂಬ ನಿಯಮ ಬಂತು. ಐರ್ಲೆಂಡಿನಿಂದ ಬಂದು ಇಲ್ಲಿ ಮಹಿಳೆಯರ ಸಂಘಟನೆಗೆ ದುಡಿಯುತ್ತಿದ್ದ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಸೆಯಿಂದ ಕಮಲಾದೇವಿ ನಾಮಪತ್ರ ಹಾಕಿದರು. ಈ ದೇಶದಲ್ಲಿ ಶಾಸನ ಸಭೆಯ ಚುನಾವಣೆಗೆ ನಿಂತ ಮೊದಲ ಮಹಿಳೆ ಎಂಬ ಹೆಸರು ಅವರದು. ಪ್ರಚಾರಕ್ಕೆ ಸಿಕ್ಕ ಸಮಯ ತೀರಾ ಕಡಿಮೆ. ಕೆಲವೇ ಮತಗಳ ಅಂತರದಲ್ಲಿ ಸೋತರು.

ಸೋತ ಮೇಲೆ ಏನು ಮಾಡಿದರು ಎನ್ನುವುದು ನಮಗೆ ಮುಖ್ಯ. ಮರುವರ್ಷವೇ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಶುರುವಾಯಿತು. ಅದರ ಸಂಘಟನಾ ಕಾರ್ಯದರ್ಶಿಯಾಗಿ ಊರೂರು ಸುತ್ತಿದರು. ಶಾಸನ ಸಭೆಯ ಕುರ್ಚಿ ಸಿಗದಿದ್ದರೇನು, ಅಲ್ಲಿ ಆಗಬೇಕಾದ ಕೆಲಸವನ್ನು ಹೊರಗಿನಿಂದಲೇ ಒತ್ತಾಯ ಮಾಡಿ ಮಾಡಿಸಬಹುದಲ್ಲ! ಬಾಲ್ಯವಿವಾಹ ತಡೆಗೆ ಕಾನೂನು ಬೇಕೆಂದು ಈ ಸಮ್ಮೇಳನದ ಮಹಿಳೆಯರು ಪಟ್ಟು ಹಿಡಿದರು. 1929ರಲ್ಲಿ ಶಾರದಾ ಕಾಯ್ದೆ ಬಂತು. ಹುಡುಗಿಗೆ 14, ಹುಡುಗನಿಗೆ 18 ಕನಿಷ್ಠ ವಯಸ್ಸು ಎಂದಾಯಿತು. 1932ರಲ್ಲಿ ದೆಹಲಿಯಲ್ಲಿ ಹೆಣ್ಣುಮಕ್ಕಳಿಗೆ ಗೃಹ ವಿಜ್ಞಾನ ಕಲಿಸುವ ಲೇಡಿ ಇರ್ವಿನ್ ಕಾಲೇಜು ಶುರುವಾದದ್ದೂ ಇದೇ ಸಮ್ಮೇಳನದ ಪ್ರಯತ್ನದಿಂದ.

ಪ್ರಮೋಷನ್ ಸಿಗಲಿಲ್ಲ, ಅಸೋಸಿಯೇಷನ್ ಚುನಾವಣೆಯಲ್ಲಿ ಸೋತೆ ಅಂತ ಮುನಿಸಿಕೊಂಡು ಕೂತರೆ ನಷ್ಟ ಯಾರಿಗೆ? ಹುದ್ದೆ ಬೇರೆ, ಕೆಲಸ ಬೇರೆ. ಹುದ್ದೆ ಕೈತಪ್ಪಿದರೂ ಕೆಲಸ ನಮ್ಮ ಕೈಯಲ್ಲೇ ಇರುತ್ತದೆ.

ಯಾರ ಹತ್ತಿರ ಹೇಗೆ ಮಾತಾಡಬೇಕು?

1930ರಲ್ಲಿ ಗಾಂಧೀಜಿ ದಂಡಿಗೆ ಹೊರಟಾಗ ಅವರ ಜೊತೆಗಿದ್ದ ತಂಡದಲ್ಲಿ ಹೆಂಗಸರೇ ಇರಲಿಲ್ಲ. ಕಮಲಾದೇವಿಗೆ ಇದು ಸರಿ ಕಾಣಲಿಲ್ಲ. ಹಿಂದಿನಿಂದ ಗೊಣಗಾಡಲಿಲ್ಲ, ನಾಲ್ಕು ಜನರ ಹತ್ತಿರ ಹೇಳಿಕೊಂಡು ಅಳಲಿಲ್ಲ. ನೇರವಾಗಿ ಗಾಂಧೀಜಿಯವರನ್ನೇ ಕಂಡು, ಉಪ್ಪು ಪ್ರತಿ ಅಡುಗೆಮನೆಯ ವಿಷಯ, ಅದರ ಹೋರಾಟದಿಂದ ಹೆಂಗಸರನ್ನು ಹೊರಗಿಡುವುದು ನ್ಯಾಯವಲ್ಲ ಎಂದು ವಾದಿಸಿದರು. ಗಾಂಧೀಜಿ ಒಪ್ಪಿದರು. ದೊಡ್ಡವರಿಗೆ ಎದುರು ಮಾತಾಡುವುದು ಬೇರೆ, ಗೌರವ ಬಿಡದೆ ತಮ್ಮ ಮಾತು ಒಪ್ಪಿಸುವುದು ಬೇರೆ. ಇವರು ಮಾಡಿದ್ದು ಎರಡನೆಯದನ್ನು.

ಆಮೇಲಿನದು ಇನ್ನೂ ಸ್ವಾರಸ್ಯ. ಮುಂಬಯಿಯ ಕಡಲತೀರದಲ್ಲಿ ಕಾನೂನು ಮುರಿದು ಉಪ್ಪು ಮಾಡಲು ಆರಿಸಿದ ಏಳು ಜನರ ತಂಡದಲ್ಲಿ ಅವಂತಿಕಾಬಾಯಿ ಗೋಖಲೆ ಅವರ ಜೊತೆ ಕಮಲಾದೇವಿಯೂ ಇದ್ದರು. ಮಾಡಿದ ಉಪ್ಪಿನ ಪೊಟ್ಟಣ ಹಿಡಿದು ಅವರು ಹೋದದ್ದು ಎಲ್ಲಿಗೆ? ಬಾಂಬೆ ಷೇರು ಮಾರುಕಟ್ಟೆಗೆ! ದಿನವೆಲ್ಲ ಬೆಲೆ ಕೂಗುವ ಜನರ ನಡುವೆ ನಿಂತು ಉಪ್ಪು ಮಾರಿದರು. ಹೈಕೋರ್ಟಿಗೂ ಹೋಗಿ, ಸ್ವಾತಂತ್ರ್ಯದ ಉಪ್ಪು ಕೊಳ್ಳುತ್ತೀರಾ ಎಂದು ಮ್ಯಾಜಿಸ್ಟ್ರೇಟರನ್ನೇ ಕೇಳಿಬಿಟ್ಟರು. ವ್ಯಾಪಾರಿಯ ಹತ್ತಿರ ಬೆಲೆಯ ಭಾಷೆ, ನ್ಯಾಯಾಲಯದಲ್ಲಿ ನ್ಯಾಯದ ಭಾಷೆ. ಕೇಳುವವರು ಇರುವ ಜಾಗಕ್ಕೇ ಹೋಗಿ, ಅವರಿಗೆ ತಿಳಿಯುವ ರೀತಿಯಲ್ಲಿ ಹೇಳುವುದು ಅಂದರೆ ಇದೇ ಅಲ್ವಾ? ಈಗ ಕಂಪನಿಗಳು ಸಾವಿರಾರು ರೂಪಾಯಿ ಕೊಟ್ಟು ಕಲಿಸುವ ಸಂವಹನ ಕಲೆಯ ತಿರುಳೂ ಇಷ್ಟೇ.

ಬೆಲೆ ತೆರಬೇಕಾಯಿತು, ಬಿಡಿ. ಸುಮಾರು ಒಂದು ವರ್ಷದ ಜೈಲುವಾಸ. ಆಗ ಅವರ ಮಗ ಇನ್ನೂ ಚಿಕ್ಕ ಹುಡುಗ. ತಾಯಂದಿರಾದ ನಮಗೆ ಅದರ ನೋವು ಬಿಡಿಸಿ ಹೇಳಬೇಕಿಲ್ಲ. ಗಂಡನೊಂದಿಗಿನ ಸಂಸಾರವೂ ಉಳಿಯಲಿಲ್ಲ, ಮುಂದೆ ಇಬ್ಬರೂ ಬೇರೆಯಾದರು. ಎಲ್ಲವನ್ನೂ ಚೆನ್ನಾಗಿ ನಿಭಾಯಿಸಿದ ದೇವತೆ ಅಂತ ಅವರನ್ನು ಗೋಡೆಗೆ ಹಾಕಿ ಹೂವು ಮುಡಿಸುವುದು ಬೇಡ. ಕಳೆದುಕೊಂಡದ್ದು ಅವರಿಗೂ ಇತ್ತು, ಆದರೂ ಕೆಲಸ ಬಿಡಲಿಲ್ಲ.

ಇಟ್ಟಿಗೆ ಹೊತ್ತವರದೇ ಊರು

1947ರಲ್ಲಿ ಸ್ವಾತಂತ್ರ್ಯ ಬಂತು. ಜೊತೆಗೆ ದೇಶ ಒಡೆದು, ದೆಹಲಿಯ ಸುತ್ತ ನಿರಾಶ್ರಿತರ ಶಿಬಿರಗಳು ತುಂಬಿದವು. ಕಮಲಾದೇವಿ ಆ ಹೊತ್ತಿಗೆ ದೇಶದ ದೊಡ್ಡ ನಾಯಕಿ. 1936ರಲ್ಲಿ ಮೀರತ್‌ನಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧಿವೇಶನಕ್ಕೆ ಅಧ್ಯಕ್ಷೆಯಾಗಿದ್ದವರು. ಅಂಥವರು ಪಕ್ಷ ರಾಜಕೀಯದಿಂದ ಸರಿದು ಶಿಬಿರಗಳ ಕಡೆ ನಡೆದರು. 1948ರಲ್ಲಿ ಭಾರತೀಯ ಸಹಕಾರಿ ಒಕ್ಕೂಟ ಕಟ್ಟಿದರು.

ಶಿಬಿರದಲ್ಲಿ ಜನಕ್ಕೆ ಪುಕ್ಕಟೆ ಪಡಿತರ ಸಿಗುತ್ತಿತ್ತು. ಆದರೆ ನಿನ್ನೆಯವರೆಗೆ ಹೊಲ, ಅಂಗಡಿ ನಡೆಸಿದವರು ಎಷ್ಟು ದಿನ ಕೈಯೊಡ್ಡಿ ಸಾಲಿನಲ್ಲಿ ನಿಂತಾರು? ಕಮಲಾದೇವಿ ಮತ್ತು ಅವರ ಸಂಗಡಿಗರು ದೆಹಲಿ ಹತ್ತಿರದ ಛತ್ತರ್‌ಪುರದಲ್ಲಿ ರೈತರ ಸಹಕಾರ ಸಂಘ ಮಾಡಿಸಿದರು. ವಾಯವ್ಯ ಗಡಿನಾಡಿನಿಂದ ಬಂದ ಸುಮಾರು 50,000 ಜನರಿಗೆ ಫರೀದಾಬಾದ್‌ನಲ್ಲಿ ಊರು ಕಟ್ಟುವಾಗ, ಕೆಲಸವನ್ನು ಗುತ್ತಿಗೆದಾರರಿಗೆ ಕೊಡಬೇಡಿ, ನಿರಾಶ್ರಿತರೇ ಕಟ್ಟಲಿ ಎಂದು ಪಟ್ಟು ಹಿಡಿದರು. ಎಂದೂ ಇಟ್ಟಿಗೆ ಹೊರದವರು ಕೆಲಸ ಕಲಿತರು. ತಮ್ಮ ಮನೆ ತಾವೇ ಕಟ್ಟಿ ಕೂಲಿಯನ್ನೂ ಪಡೆದರು. ಮಂಗಳೂರಿನಲ್ಲಿ ಜೀವನಾಂಶ ಬೇಡವೆಂದ ಗಿರಿಜಾಬಾಯಿಯ ಮಗಳು ಬೇರೆ ಇನ್ನೇನು ಮಾಡಿಯಾರು ಹೇಳಿ!

ಎಲ್ಲವೂ ಅಂದುಕೊಂಡಂತೆ ನಡೆಯಿತು ಅಂತೇನೂ ಇಲ್ಲ. ಕ್ರಮೇಣ ಅಧಿಕಾರಿಗಳ ಹಿಡಿತ ಬಿಗಿಯಾಗಿ ಸಹಕಾರಿ ಊರಿನ ಕನಸು ಸೊರಗಿತು. ಆದರೆ ಜನ ಕಲಿತ ಕಸುಬನ್ನು ಯಾರೂ ಕಿತ್ತುಕೊಳ್ಳಲಾಗಲಿಲ್ಲ.

ಕೈಕೆಲಸದವರಿಗೆ ಹೆಸರು, ಬೆಲೆ

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ರಚನೆಯಾಯಿತು. ಕಮಲಾದೇವಿ ಅಧ್ಯಕ್ಷೆಯಾದರು. ದೆಹಲಿಯ ಕಾಟೇಜ್ ಎಂಪೋರಿಯಂ ನಡೆಸುವ ಹೊಣೆಯನ್ನೂ ಅವರ ಸಹಕಾರಿ ಒಕ್ಕೂಟವೇ ಹೊತ್ತುಕೊಂಡಿತು. ಯಂತ್ರದ ಸಾಮಾನು ಬಂದು ಕೈಕೆಲಸ ಮೂಲೆ ಸೇರುತ್ತಿದ್ದ ಕಾಲ ಅದು. ಕೈಕೆಲಸದವರಿಗೆ ಬೇಕಿರುವುದು ಅನುಕಂಪವಲ್ಲ, ಗಿರಾಕಿ ಎಂಬುದು ಅವರಿಗೆ ಗೊತ್ತಿತ್ತು. ಶ್ರೀಕಾಳಹಸ್ತಿಯಲ್ಲಿ ಕಲಂಕಾರಿ ಕಲಿಸಲು ತರಬೇತಿ ಕೇಂದ್ರ ತೆರೆಯಿತು. ಜೈಪುರದ ನೀಲಿ ಮಡಕೆ ಕೆಲಸ ಮತ್ತೆ ಜೀವ ಪಡೆಯಿತು. ಹೊಸ ವಿನ್ಯಾಸಗಳಿಗಾಗಿ ಕೇಂದ್ರಗಳನ್ನು ತೆರೆದ ನಗರಗಳಲ್ಲಿ ನಮ್ಮ ಬೆಂಗಳೂರೂ ಒಂದು.

ಎಲ್ಲಕ್ಕಿಂತ ನನಗೆ ಇಷ್ಟವಾಗುವುದು ಇನ್ನೊಂದು ಸಂಗತಿ. ನುರಿತ ಕುಶಲಕರ್ಮಿಗಳಿಗೆ ರಾಷ್ಟ್ರ ಪ್ರಶಸ್ತಿ ಕೊಡುವ ಪದ್ಧತಿ ಬಂದದ್ದರ ಹಿಂದೆ ಅವರಿದ್ದರು. ಅಲ್ಲಿಯವರೆಗೆ ಸೀರೆಗೆ ಊರಿನ ಹೆಸರಿತ್ತು, ಅಂಗಡಿಯ ಹೆಸರಿತ್ತು, ನೇಯ್ದವರ ಹೆಸರು ಯಾರಿಗೂ ಬೇಕಿರಲಿಲ್ಲ. ಪ್ರಶಸ್ತಿಯಿಂದ ಆ ಕೈಗಳಿಗೂ ಹೆಸರು ಬಂತು. ಅವರಿಗೂ ಗೌರವಗಳು ಬಂದವು: 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ. 1988ರ ಅಕ್ಟೋಬರ್ 29ರಂದು ಅವರು ತೀರಿಕೊಂಡರು. ಕರಕುಶಲ ಮಂಡಳಿಯನ್ನು ಕೇಂದ್ರ ಸರ್ಕಾರ 2020ರಲ್ಲಿ ರದ್ದು ಮಾಡಿತು. ಮಂಡಳಿ ಹೋಯಿತು, ಕೈಯಿಂದ ಕೈಗೆ ದಾಟಿದ ಕಸುಬು ಉಳಿದಿದೆ.

ನಾವೇನು ಮಾಡಬಹುದು?

ನಾವು ಷೇರು ಮಾರುಕಟ್ಟೆಗೆ ನುಗ್ಗಬೇಕಿಲ್ಲ, ಊರು ಕಟ್ಟಬೇಕಿಲ್ಲ. ಆದರೆ ಸ್ವಸಹಾಯ ಸಂಘವಿರಲಿ, ಆಫೀಸಿರಲಿ, ಅಪಾರ್ಟ್‌ಮೆಂಟಿನ ಕಮಿಟಿಯಿರಲಿ, ಈ ನಾಲ್ಕನ್ನು ಇವತ್ತಿನಿಂದಲೇ ಶುರು ಮಾಡಬಹುದು.

* ಅಸಮಾಧಾನವಿದ್ದರೆ ಸಂಬಂಧಪಟ್ಟವರಿಗೇ ಹೇಳಿ. ಕಾರಣವನ್ನೂ ಎರಡೇ ಮಾತಿನಲ್ಲಿ ಹೇಳಿ. ಕಾರಿಡಾರಿನಲ್ಲಿ ಆಡಿದ ಮಾತು ಯಾವ ಸಮಸ್ಯೆಯನ್ನೂ ಬಗೆಹರಿಸಿಲ್ಲ.

* ಕೇಳುವವರಿಗೆ ಏನು ಮುಖ್ಯ ಎಂದು ಮೊದಲು ಯೋಚಿಸಿ. ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗುವಾಗ ಕಷ್ಟದ ಕತೆಗಿಂತ ಲೆಕ್ಕದ ಪುಸ್ತಕ ಹೆಚ್ಚು ಮಾತಾಡುತ್ತದೆ.

* ಸಹಾಯ ಮಾಡುವಾಗ ಎದುರಿನವರನ್ನು ಹಂಗಿಗೆ ಬೀಳಿಸಬೇಡಿ. ಮನೆಗೆಲಸದಾಕೆಯ ಮಗಳಿಗೆ ಹಳೆ ಬಟ್ಟೆ ಕೊಡುವುದು ಸುಲಭ, ಹೊಲಿಗೆ ಕಲಿಸುವುದು ಕಷ್ಟ. ಎರಡನೆಯದೇ ಅವಳ ಜೊತೆ ಕೊನೆವರೆಗೂ ಬರುತ್ತದೆ.

* ಕೆಲಸ ಮಾಡಿದವರ ಹೆಸರನ್ನು ಎಲ್ಲರೆದುರು ಹೇಳಿ. ಸಭೆಯಲ್ಲಿ ಲೆಕ್ಕಪತ್ರ ಓದುವ ಮೊದಲು, ಅದನ್ನು ರಾತ್ರಿ ಕೂತು ಬರೆದವರು ಯಾರು ಅಂತ ಹೇಳಿ ನೋಡಿ. ಮುಂದಿನ ಸಲ ಕರೆಯದಿದ್ದರೂ ಅವರು ಬರುತ್ತಾರೆ.

ಇನ್ನೊಂದು ಮಾತು. ಮುಂದಿನ ಸಲ ಮೇಳದಲ್ಲಿ ಕೈಮಗ್ಗದ ಸೀರೆಯೋ ಚನ್ನಪಟ್ಟಣದ ಬೊಂಬೆಯೋ ಕೊಳ್ಳುವಾಗ, ಚೌಕಾಸಿ ಶುರು ಮಾಡುವ ಮೊದಲು ಇದನ್ನು ಮಾಡಿದವರು ಯಾರು ಅಂತ ಒಮ್ಮೆ ಕೇಳಿ. ಆ ಹೆಸರು ಗೊತ್ತಾದ ಮೇಲೆ ಚೌಕಾಸಿಗೆ ಮನಸ್ಸು ಬರುತ್ತದೆಯೇ, ನೀವೇ ನೋಡಿ.