ಮಂಕು ನಕ್ಷತ್ರವನ್ನು ಆರಿಸಿಕೊಂಡ ಬೆಸೆಲ್

ಗಣಿತದ ಪೇಪರ್‌ನಲ್ಲಿ ಬೆಸೆಲ್ ಫಂಕ್ಷನ್ ಬಂದರೆ ನಮಗೆಲ್ಲ ತಲೆಬಿಸಿ. ಆದರೆ ಆ ಹೆಸರಿನ ಮನುಷ್ಯ ಕಾಲೇಜಿನ ಮೆಟ್ಟಿಲೇ ಹತ್ತಿರಲಿಲ್ಲ ಅಂದರೆ ನಂಬ್ತೀರಾ?

ಫ್ರೆಡ್ರಿಕ್ ವಿಲ್‌ಹೆಲ್ಮ್ ಬೆಸೆಲ್ ಹುಟ್ಟಿದ್ದು 1784ರಲ್ಲಿ, ಜರ್ಮನಿಯ ಮಿಂಡೆನ್ ಊರಿನಲ್ಲಿ. 14ನೇ ವಯಸ್ಸಿಗೇ ಶಾಲೆ ಬಿಟ್ಟು ಬ್ರೆಮೆನ್‌ನ ವ್ಯಾಪಾರಿ ಕಂಪನಿಯೊಂದರಲ್ಲಿ ಕೆಲಸ ಕಲಿಯೋಕೆ ಸೇರಿದರು. ಸರಕು ಹೊತ್ತ ಹಡಗುಗಳು ದಾರಿ ಕಂಡುಕೊಳ್ಳೋದು ಹೇಗೆ ಎಂಬ ಕುತೂಹಲ ಅವರನ್ನು ನೌಕಾಯಾನಕ್ಕೆ, ಅಲ್ಲಿಂದ ಖಗೋಳಕ್ಕೆ, ಗಣಿತಕ್ಕೆ ಎಳೆದೊಯ್ದಿತು. ಹಗಲು ಕೆಲಸ, ರಾತ್ರಿ ಓದು. 1804ರಲ್ಲಿ ಹ್ಯಾಲಿ ಧೂಮಕೇತುವಿನ ಕಕ್ಷೆಯನ್ನು 1607ರ ಹಳೇ ದಾಖಲೆಗಳಿಂದ ಲೆಕ್ಕ ಹಾಕಿ ಖಗೋಳಜ್ಞ ಓಲ್ಬರ್ಸ್ ಅವರಿಗೆ ಕೊಟ್ಟರು. ಬದುಕು ತಿರುಗಿದ್ದು ಅಲ್ಲೇ. ಮೂವತ್ತು ತುಂಬುವ ಮೊದಲೇ ಕೋನಿಗ್ಸ್‌ಬರ್ಗ್ ವೀಕ್ಷಣಾಲಯದ ಮುಖ್ಯಸ್ಥರಾದರು.

ನಕ್ಷತ್ರಗಳು ಎಷ್ಟು ದೂರ? ಆಗ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರ ದೂರದವುಗಳ ಎದುರು ಚೂರು ಸರಿದಂತೆ ಕಾಣಬೇಕು, ಅದೇ ಪ್ಯಾರಲಾಕ್ಸ್. ಬೆಳಗುವ ನಕ್ಷತ್ರವೇ ಹತ್ತಿರದ್ದು ಎಂದುಕೊಂಡು ಹಲವರು ಅವುಗಳ ಹಿಂದೆ ಬಿದ್ದರು. ಬೆಸೆಲ್ ಆರಿಸಿದ್ದು ರಾಜಹಂಸ ಪುಂಜದ 61 ಸಿಗ್ನಿಯನ್ನು. ಕತ್ತಲ ಊರಲ್ಲಿ ಬರಿಗಣ್ಣಿಗೆ ಅಷ್ಟಕ್ಕಷ್ಟೇ ಕಾಣುವ, ಸೂರ್ಯನಿಗಿಂತ ತಣ್ಣಗಿರುವ ಕಿತ್ತಳೆ ಬಣ್ಣದ ಜೋಡಿ ನಕ್ಷತ್ರ ಅದು. ಯಾಕೆ ಅದೇ? ಅದು ಆಕಾಶದಲ್ಲಿ ವರ್ಷಕ್ಕೆ 5 ಆರ್ಕ್‌ಸೆಕೆಂಡ್‌ಗೂ ಹೆಚ್ಚು ಸರಿಯುತ್ತೆ. ಅಷ್ಟು ಜೋರಾಗಿ ಓಡುವಂತೆ ಕಾಣಬೇಕಾದರೆ ಹತ್ತಿರದಲ್ಲೇ ಇರಬೇಕಲ್ವಾ!

ಅಳೆಯೋಕೆ ಫ್ರಾನ್‌ಹೋಫರ್ ಕಾರ್ಖಾನೆಯ ಹೀಲಿಯೋಮೀಟರ್ ಇತ್ತು. ಅದರ ಲೆನ್ಸನ್ನು ನಡುವೆ ಕತ್ತರಿಸಿ ಎರಡು ಹೋಳು ಮಾಡಲಾಗಿತ್ತು. ಸ್ಕ್ರೂ ತಿರುಗಿಸಿ ಹೋಳುಗಳನ್ನು ಸರಿಸಿದರೆ ಎರಡು ನಕ್ಷತ್ರಗಳ ಬಿಂಬ ಒಂದರ ಮೇಲೊಂದು ಕೂರುತ್ತೆ. ಸ್ಕ್ರೂ ಎಷ್ಟು ತಿರುಗಿತು ಅನ್ನೋದೇ ನಡುವಿನ ಕೋನದ ಅಳತೆ. 1837ರ ಆಗಸ್ಟ್‌ನಿಂದ ವರ್ಷಕ್ಕೂ ಹೆಚ್ಚು ಕಾಲ ಅಳೆದರು. 1838ರಲ್ಲಿ ಬಂದ ಉತ್ತರ 0.314 ಆರ್ಕ್‌ಸೆಕೆಂಡ್, ಅಂದರೆ ಸುಮಾರು 10.3 ಜ್ಯೋತಿರ್ವರ್ಷ. ಇಂದಿನ ಲೆಕ್ಕ 11.4. ಕೈಯಲ್ಲಿ ತಿರುಗಿಸಿದ ಸ್ಕ್ರೂ ಕೊಟ್ಟ ಉತ್ತರದಲ್ಲಿ ಹತ್ತು ಶೇಕಡಾ ವ್ಯತ್ಯಾಸ, ಅಷ್ಟೇ!

1846ರಲ್ಲಿ ಬೆಸೆಲ್ ತೀರಿಕೊಂಡರು. ಪ್ರಾಜೆಕ್ಟ್‌ಗೆ ವಿಷಯ ಹುಡುಕುವಾಗ ನಾವು ಮೊದಲು ನೋಡೋದು ಯಾವುದು ಹೆಚ್ಚು ಮಿಂಚುತ್ತೆ ಅಂತ. ಅವರು ನೋಡಿದ್ದು ಯಾವುದನ್ನು ಅಳೆದರೆ ಉತ್ತರ ಸಿಗುತ್ತೆ ಅಂತ. ಅಕ್ಟೋಬರ್ ಸಂಜೆ ಮೋಡವಿಲ್ಲದಿದ್ದರೆ, ಸಣ್ಣ ಟೆಲಿಸ್ಕೋಪ್ ಹಿಡಿದು ಹಾಸ್ಟೆಲ್ ಟೆರೇಸ್ ಹತ್ತೋಣ. ಆ ಎರಡು ಕಿತ್ತಳೆ ಚುಕ್ಕೆ ಈಗಲೂ ಅಲ್ಲೇ ಇವೆ, ಚೂರು ಸರಿದಿವೆ ಅಷ್ಟೇ.