ನಿಮ್ಮ ಬೆಡಗು ಯಾವುದು?

ಮಕ್ಕಳೇ, ಶಾಲೆಯಲ್ಲಿ ಫ್ಯಾಮಿಲಿ ಟ್ರೀ ಬರೆಸುತ್ತಾರಲ್ಲ, ಅದರಲ್ಲಿ ಚಿಕ್ಕಪ್ಪನ ಮಗನೂ ಕಸಿನ್, ಸೋದರಮಾವನ ಮಗನೂ ಕಸಿನ್. ಸಿರುಗುಪ್ಪದ ನಮ್ಮಜ್ಜಿ ಇದನ್ನು ಕೇಳಿದ್ದರೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಚಿಕ್ಕಪ್ಪನ ಮಗ ನಿಮ್ಮದೇ ಬೆಡಗಿನವನು, ಹಾಗಾಗಿ ಅಣ್ಣನೋ ತಮ್ಮನೋ ಆಗಬೇಕು. ಮಾವನ ಮಗನ ಬೆಡಗು ಬೇರೆ; ಅವನು ಭಾವನೋ ಮೈದುನನೋ.

ಬೆಡಗು ಅಂದರೆ ಚೆಲುವು, ಬಿನ್ನಾಣ. ಅಲ್ಲಮಪ್ರಭುವಿನ ಬೆಡಗಿನ ವಚನಗಳಲ್ಲಿ ಅದು ಒಗಟು. ಆದರೆ ಬಳ್ಳಾರಿ ಸೀಮೆಯ ಹಲವು ಸಮುದಾಯಗಳಲ್ಲಿ ಅದು ಒಂದೇ ಮೂಲದಿಂದ ಬಂದ ಬಳಗದ ಹೆಸರು. ತಂದೆಯಿಂದ ಮಕ್ಕಳಿಗೆ ಬರುತ್ತದೆ. ಹೆಣ್ಣು ನೋಡಲು ಬಂದವರು ಚಹಾ ಕುಡಿಯುವ ಮೊದಲೇ ಕೇಳುತ್ತಾರೆ: "ನಿಮ್ಮ ಬೆಡಗ ಯಾವ್ದ್ರೀ?" ಎರಡೂ ಕಡೆ ಒಂದೇ ಆದರೆ ಮಾತು ಅಲ್ಲಿಗೇ ಮುಗಿಯಿತು, ಅಣ್ಣ ತಂಗಿಗೆ ಮದುವೆ ಉಂಟೇ?

ಬೆಡಗಿನ ಹೆಸರುಗಳು ಬಲು ಚೆಂದ. ಎಡ್ಗರ್ ಥರ್ಸ್ಟನ್ ಎಂಬ ಬ್ರಿಟಿಷ್ ವಿದ್ವಾಂಸ 1909ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಕುರುಬರ ಪಟ್ಟಿಯೇ ಇದೆ: ಆನೆ, ಅರಿಶಿಣ, ಜೀರಿಗೆ, ಮಲ್ಲಿಗೆ, ಬಂಡಿ. ಅಡುಗೆಮನೆಯ ಡಬ್ಬಿಯಲ್ಲಿರುವುದೇ ವಂಶದ ಗುರುತು!

ವಂಶದ ಗುರುತು ಹೇಳಿಕೊಳ್ಳುವ ಹಂಬಲ ಅರಸರಿಗೂ ತಪ್ಪಿದ್ದಲ್ಲ. 12ನೇ ಶತಮಾನದಲ್ಲಿ ಕುರುಗೋಡಿನಿಂದ ಆಳಿದ ಸಿಂದರು ತಮ್ಮದು ನಾಗವಂಶ ಎಂದು ಶಾಸನ ಹಾಕಿಸಿದರು. ಕಲ್ಲು ಕೆತ್ತಿಸುವ ಶಕ್ತಿಯಿಲ್ಲದ ರೈತರ ಮನೆಗೆ ಹೆಳವರು ಬರುತ್ತಿದ್ದರು.

ಹೆಳವರು ಎಂದರೆ ವಂಶಾವಳಿ ಹೇಳುವವರು. ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ಬಾಗಿಲಲ್ಲಿ ಗಂಟೆಯ ಸದ್ದು. ಸಿಂಗರಿಸಿದ ಎತ್ತು, ಅದರ ಬೆನ್ನ ಮೇಲೆ ಕಾಲುಗಳನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಕೂತ ಹೆಳವ. ಕೆಳಗಿಳಿಯದೆಯೇ ಒಂದೇ ಉಸಿರಿಗೆ ಶುರು: ಮೂಲ ಯಾವ ಊರು, ಅಲ್ಲಿಂದ ಯಾಕೆ ಎದ್ದು ಬಂದರು, ಅಜ್ಜನ ಅಜ್ಜನಿಗೆ ಎಷ್ಟು ಮಕ್ಕಳು. ಯಾವ ಮನೆಗಳು ಯಾವ ಹೆಳವನಿಗೆ ಎಂಬುದೂ ಅವರಲ್ಲಿ ತಂದೆಯಿಂದ ಮಗನಿಗೆ ಬರುವ ಹಕ್ಕು. ಅಜ್ಜಿ ಮೊರದ ತುಂಬ ಭತ್ತ ತಂದು ಸುರಿಯುತ್ತಿದ್ದಳು. ಆಮೇಲೆ ಅವನು ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಬಿಚ್ಚಿ ಹೊಸದಾಗಿ ಹುಟ್ಟಿದವರ ಹೆಸರು ಸೇರಿಸುತ್ತಿದ್ದ.

ಕೆಲವು ವರ್ಷಗಳ ಹಿಂದೆ ರಜೆಗೆ ಊರಿಗೆ ಹೋದಾಗ ಆ ಹೆಳವನ ಮಗ ಬಂದಿದ್ದ. ಎತ್ತು ಇರಲಿಲ್ಲ, ಬೈಕಿತ್ತು. ಪುಸ್ತಕ ಮಾತ್ರ ಅದೇ. ನನ್ನ ಮಗಳ ಹೆಸರು ಬರೆದುಕೊಂಡು, ಹುಟ್ಟಿದ ಊರು ಕೇಳಿದ. ಡಲ್ಲಾಸ್ ಎಂದೆ. ಪೆನ್ನು ತಡೆದು ತಲೆಯೆತ್ತಿದ.

"ಅದು ಯಾವ ತಾಲ್ಲೂಕಿಗೆ ಬರ್ತದ್ರೀ?"